ಕೆಚ್ಚಲು ಬಾವು: ಔಷಧಿಗೆ ಮೊದಲು ಶುಚಿತ್ವ



ಕೆಚ್ಚಲು ಬಾವಿಗೆ ಔಷಧಿ ಕೊಟ್ಟ ಹಸುವಿನ ಹಾಲು ಹೆಪ್ಪು ಹಾಕಿದರೂ ಮೊಸರಾಗದಿರುವುದನ್ನು ನಿಮ್ಮಲ್ಲಿ ಕೆಲವರು ಕಂಡಿರಬಹುದು. ತಪ್ಪು ಹೆಪ್ಪಿನದಲ್ಲ. ರೋಗಾಣುಗಳನ್ನು ಕೊಲ್ಲುವ ಪೆನಿಸಿಲಿನ್‌ನಂಥ ಔಷಧಿ ಹಾಲಿಗೂ ಇಳಿದು, ಮೊಸರು ಮಾಡುವ ಸೂಕ್ಷ್ಮಾಣುಗಳನ್ನೂ ತಡೆಯುತ್ತದೆ. ಕುದಿಸಿದರೂ ಅದು ಪೂರ್ತಿ ಹೋಗದು. ಆದ್ದರಿಂದ ಪಶುವೈದ್ಯರು ಹೇಳಿದಷ್ಟು ದಿನ ಆ ಹಾಲನ್ನು ಮಾರಬೇಡಿ, ಮಕ್ಕಳಿಗೂ ಕೊಡಬೇಡಿ. ಬಾವು ಇಳಿಯಿತೆಂದು ಔಷಧಿಯನ್ನು ನಡುವೆ ನಿಲ್ಲಿಸಲೂಬೇಡಿ.

ಬಾವು ಬಾರದಂತೆ ನೋಡಿಕೊಳ್ಳುವುದೇ ಜಾಣತನ. ಸಗಣಿಯ ಮೇಲೆ ಎರಚಿದ ಬ್ಲೀಚಿಂಗ್ ಪುಡಿಯ ಶಕ್ತಿ ಸಗಣಿಗೇ ವ್ಯರ್ಥ. ಮೊದಲು ಕೊಟ್ಟಿಗೆ ತೊಳೆದು, ನಂತರ ಹಾಕಿ. ಹಾಲಿನ ಪಾತ್ರೆಯನ್ನು ಉಜ್ಜಿ, ಕುದಿನೀರಿನಲ್ಲಿ ಗಲಬರಿಸಿ, ಬಿಸಿಲಿಗೆ ಬೋರಲು ಹಾಕಿ. ಕರೆದ ಕೂಡಲೇ ಮೊಲೆತೊಟ್ಟುಗಳನ್ನು ಅದಕ್ಕೆಂದೇ ತಯಾರಿಸಿದ ಅಯೋಡಿನ್ ದ್ರಾವಣದಲ್ಲಿ ಅದ್ದಿ. ತೊಟ್ಟಿನ ತೂತು ಮುಚ್ಚಿಕೊಳ್ಳುವ ತನಕ, ಅಂದರೆ ಅರ್ಧ ಗಂಟೆಯಾದರೂ, ಹಸು ಮಲಗದಂತೆ ಮುಂದೆ ಮೇವು ಹಾಕಿ.