ಕೊಳಗ ಈಗ ನಮ್ಮ ಕೈಯಲ್ಲಿದೆ



ಕುಪ್ಪಗಡ್ಡೆ ಹೋಬಳಿಯ ಈ ಕರಕುಶಲ ವಸ್ತುಗಳ ಪ್ರದರ್ಶನ ಉದ್ಘಾಟಿಸಬೇಕು ಎಂದು ಕರೆದಿರಿ, ಬಂದೆ. ಬಂದ ಮೇಲೆ, ದಾನಿಗಳೂ ಸಮಾಜದ ಮುಖಂಡರೂ ಸಮಾನತೆಗಾಗಿ ಏನು ಮಾಡಬಹುದು ಎಂಬುದನ್ನೂ ಎರಡು ಮಾತಿನಲ್ಲಿ ಹೇಳಿ ಎಂದಿರಿ. ಎರಡು ಮಾತಿನಲ್ಲಿ ಮುಗಿಯುವ ವಿಷಯವಲ್ಲ. ಊಟದ ಹೊತ್ತಿಗೆ ಬಿಡುತ್ತೇನೆ.

ದೀಪ ಹಚ್ಚುವ ಮೊದಲು ಮಳಿಗೆಗಳನ್ನು ಒಂದು ಸುತ್ತು ನೋಡಿದೆ. ದೀವರ ಹೆಣ್ಣುಮಕ್ಕಳ ಹಸೆ ಚಿತ್ತಾರ ಇದೆ. ಕೆಮ್ಮಣ್ಣು ಬಳಿದು, ಅಕ್ಕಿ ಅರೆದ ಬಿಳುಪಿನಲ್ಲಿ, ಪುಂಡಿ ನಾರಿನ ಕುಂಚದಿಂದ ಒಂದು ಗೆರೆಯೂ ನಡುಗದಂತೆ ಎಳೆದಿದ್ದಾರೆ. ಭೂಮಿ ಹುಣ್ಣಿಮೆಗೆ ಹೊಲಕ್ಕೆ ಚರಗ ಒಯ್ಯುವ ಭೂಮಣ್ಣಿ ಬುಟ್ಟಿಗಳಿವೆ. ಶಿಕಾರಿಪುರದ ತಾಂಡಾಗಳ ಲಂಬಾಣಿ ಕಸೂತಿ ಇದೆ, ಮೇದಾರರ ಬುಟ್ಟಿ ಮೊರಗಳಿವೆ, ಗುಡಿಗಾರರ ಬೆಂಡಿನ ಕೆಲಸವಿದೆ. ಪಕ್ಕದ ಜಿಲ್ಲೆಯ ಹಳಿಯಾಳ, ಯಲ್ಲಾಪುರದ ಸಿದ್ದಿ ಹೆಣ್ಣುಮಕ್ಕಳು ಹೊಲಿದ ಕವುದಿಗಳೂ ಬಂದಿವೆ. ಶತಮಾನಗಳ ಹಿಂದೆ ಆಫ್ರಿಕಾದಿಂದ ಗುಲಾಮರಾಗಿ ತರಲ್ಪಟ್ಟವರ ಸಂತತಿ ಅವರು. ಮೈಬಣ್ಣ, ಗುಂಗುರು ಕೂದಲು ನೋಡಿ ಬಸ್‌ಸ್ಟ್ಯಾಂಡಿನಲ್ಲಿ ಇವರನ್ನು ಯಾವ ದೇಶದವರು ಎಂದು ಕೇಳುವ ಜನ ನಮ್ಮಲ್ಲಿ ಈಗಲೂ ಇದ್ದಾರೆ. ಈ ಸಿದ್ದಿಗಳು ಅಚ್ಚ ಉತ್ತರ ಕನ್ನಡದ ಮಕ್ಕಳು. ಜನಾಂಗ ಭೇದ ಅಮೆರಿಕದಲ್ಲಿ ಮಾತ್ರ ಉಂಟು ಎಂದುಕೊಂಡವರು ಆ ಮಳಿಗೆಯ ಮುಂದೆ ಸ್ವಲ್ಪ ಹೊತ್ತು ಕೂತು ಮಾತಾಡಿಸಿ.

ಇಷ್ಟೆಲ್ಲ ಚೆಂದದ ವಸ್ತುಗಳ ಮೇಲೆ ಬೆಲೆಯ ಚೀಟಿ ಇದೆ, ಮಾಡಿದವರ ಹೆಸರಿಲ್ಲ. ತಲೆಯೆತ್ತಿ ನೋಡಿದರೆ ಈ ಭವನದ ಪ್ರತಿಯೊಂದು ಫ್ಯಾನಿನ ರೆಕ್ಕೆಯ ಮೇಲೂ ಕೊಟ್ಟವರ ಹೆಸರಿದೆ, ಕೆಲವಕ್ಕೆ ಅವರ ತಂದೆಯವರ ಹೆಸರೂ ಇದೆ. ಫ್ಯಾನು ಕೊಟ್ಟವರನ್ನು ನಾನು ಹಾಸ್ಯ ಮಾಡುತ್ತಿಲ್ಲ, ಈ ಸೆಖೆಯಲ್ಲಿ ಅವರು ಪುಣ್ಯವಂತರೇ. ಆದರೂ ಕೊಟ್ಟವರ ಹೆಸರು ಬರೆಯುವುದಕ್ಕೆ ಸಿಗುವ ಬಣ್ಣ, ಮಾಡಿದವರ ಹೆಸರು ಬರೆಯುವುದಕ್ಕೆ ಯಾಕೆ ಸಿಗುವುದಿಲ್ಲ?

ಇದು ಇವತ್ತಿನ ರೋಗವಲ್ಲ. ನಮ್ಮ ಸೀಮೆ ದಾನಶಾಸನಗಳ ಸೀಮೆ. ಪಕ್ಕದ ಬಳ್ಳಿಗಾವೆಯ ಕೋಡಿಯ ಮಠವನ್ನು ವರ್ಣಿಸುವ 1162ರ ಶಾಸನ ನಿಮ್ಮಲ್ಲಿ ಅನೇಕರಿಗೆ ಗೊತ್ತು. ಕುಂಟರು, ಕುರುಡರು, ಕಿವುಡರು, ಕಥೆ ಹೇಳುವವರು, ಹಾಡುವವರು, ಜೈನ ಬೌದ್ಧ ಸನ್ಯಾಸಿಗಳು, ಯಾರು ಬಂದರೂ ಅಲ್ಲಿ ಅನ್ನವಿತ್ತು, ದಿಕ್ಕಿಲ್ಲದ ರೋಗಿಗಳಿಗೆ ಔಷಧವಿತ್ತು ಎನ್ನುತ್ತದೆ ಅದು. ಎಂಟೂವರೆ ಶತಮಾನಗಳ ಹಿಂದೆ ಹಸಿವಿಗೆ ಜಾತಿ ಮತ ಕೇಳದ ಜಾಗವೊಂದು ನಮ್ಮ ನೆರೆಯಲ್ಲಿತ್ತು ಎಂಬುದು ಹೆಮ್ಮೆಯ ಮಾತೇ. ಆದರೆ ಇಂಥ ದಾನಶಾಸನಗಳನ್ನು ಓದುವಾಗ ಒಂದು ಗಮನಿಸಿ: ಕೊಟ್ಟ ಅರಸನ ಹೆಸರಿರುತ್ತದೆ, ಪಡೆದ ಆಚಾರ್ಯರ ಹೆಸರಿರುತ್ತದೆ, ಗದ್ದೆಯ ಎಲ್ಲೆಕಟ್ಟು ಇರುತ್ತದೆ. ಆ ಗದ್ದೆ ಉತ್ತವನ ಹೆಸರು ಸಿಗುವುದು ಅಪರೂಪ. ಅನ್ನದಾನದ ಅನ್ನ ಬೆಳೆದವನು ಲೆಕ್ಕದಲ್ಲಿ ಇಲ್ಲ.

ಅವನು ಲೆಕ್ಕಕ್ಕೆ ಬಂದದ್ದು ಕಾಗೋಡಿನಲ್ಲಿ. 1951ರ ಏಪ್ರಿಲ್‌ನಲ್ಲಿ ಸಾಗರ ತಾಲೂಕಿನ ಆ ಪುಟ್ಟ ಊರಿನ ಗೇಣಿದಾರರು ಎದ್ದು ನಿಂತರು. ಜಗಳ ಶುರುವಾದದ್ದು ದೊಡ್ಡ ಸಿದ್ಧಾಂತದಿಂದ ಅಲ್ಲ, ಒಂದು ಕೊಳಗದಿಂದ. ಗೇಣಿಯ ಭತ್ತ ಅಳೆಯುವ ಕೊಳಗ ಒಡೆಯರ ಮನೆಯದು, ಅದರ ಗಾತ್ರ ಅವರು ಹೇಳಿದ್ದು. ನ್ಯಾಯವಾದ ಕೊಳಗದಲ್ಲಿ ಅಳೆಯಿರಿ ಎಂದು ಕೇಳಿದ್ದೇ ಅಪರಾಧವಾಯಿತು. ಎಚ್. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದರು, ಶಾಂತವೇರಿ ಗೋಪಾಲಗೌಡರು ಜೊತೆಯಾದರು, ರಾಮಮನೋಹರ ಲೋಹಿಯಾ ದೂರದಿಂದ ಬಂದು ಬಂಧನಕ್ಕೊಳಗಾದರು. ಬಿಟ್ಟಿ ಚಾಕರಿ ಮಾಡಿ ಬೆನ್ನು ಬಗ್ಗಿದ ದೀವರ ಹೆಂಗಸರೂ ಗಂಡಸರೂ ಸಾಲುಗಟ್ಟಿ ಜೈಲಿಗೆ ಹೋದರು.

ಒಡೆಯರಲ್ಲಿ ದಾನಿಗಳು ಇರಲಿಲ್ಲವೆ? ಇದ್ದರು. ಬರ ಬಂದಾಗ ಭತ್ತ ಕೊಟ್ಟವರಿದ್ದರು, ಮದುವೆಗೆ ಸಾಲ ಕೊಟ್ಟವರಿದ್ದರು, ಒಕ್ಕಲಿನ ಮಗುವಿಗೆ ಹಬ್ಬಕ್ಕೆ ಬಟ್ಟೆ ಕೊಡಿಸಿದವರೂ ಇದ್ದಾರು. ಕೊಳಗವನ್ನು ಮಾತ್ರ ಬಿಟ್ಟುಕೊಡಲಿಲ್ಲ. ನಾನು ಈ ಹೊತ್ತು ಹೇಳಬೇಕಾದ್ದು ಇದೇ. ಎಷ್ಟು ಕೊಟ್ಟಿರಿ ಎಂದು ದಾನಿಯನ್ನು ಕೇಳುವುದಕ್ಕಿಂತ, ಯಾರಿಗೆ, ಎಷ್ಟು, ಯಾವಾಗ ಎಂದು ಅಳೆಯುವ ಅಧಿಕಾರ ಯಾರ ಕೈಯಲ್ಲಿ ಉಳಿಯಿತು ಎಂದು ಕೇಳಬೇಕು.

ಮುಂದಿನ ಕಥೆ ನಿಮ್ಮ ಮನೆಗಳದ್ದೇ. ದೇವರಾಜ ಅರಸರ ಸರ್ಕಾರದ ಭೂಸುಧಾರಣೆ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿ ಭೂಮಿ ಸರ್ಕಾರಕ್ಕೆ ಸೇರಿ, ಉಳುವವನಿಗೆ ಹಕ್ಕು ಬರುವಂತಾಯಿತು. ಡಿಕ್ಲರೇಷನ್ ಕೊಡುವುದು, ಏಳನೇ ನಮೂನೆ, ಟ್ರಿಬ್ಯೂನಲ್, ಈ ಮಾತುಗಳನ್ನು ನಮ್ಮ ಅಜ್ಜಿಯರೂ ಬಲ್ಲರು. ಕುಬಟೂರಿನ ಬಂಗಾರಪ್ಪನವರು 1967ರಲ್ಲಿ ಸೊರಬದ ಶಾಸಕರಾದರು, 1990ರಲ್ಲಿ ಮುಖ್ಯಮಂತ್ರಿಯಾದರು. ಗೇಣಿ ಒಕ್ಕಲಿನ ಮಕ್ಕಳು ಮೇಷ್ಟರಾದರು, ವಕೀಲರಾದರು, ಸೊಸೈಟಿಯ ಅಧ್ಯಕ್ಷರಾದರು, ಅಡಿಕೆ ತೋಟ ಎಬ್ಬಿಸಿದರು. ಈ ಭವನದ ಫ್ಯಾನುಗಳ ಮೇಲಿರುವುದು ಬಹುಪಾಲು ಅವರ ಹೆಸರೇ. ಇಂಥ ಬದಲಾವಣೆ ಒಂದು ತಲೆಮಾರಿನಲ್ಲಿ ಆದದ್ದು ಸಣ್ಣ ಮಾತಲ್ಲ.

ಹಾಗಾದರೆ ಕೊಳಗ ಈಗ ನಮ್ಮ ಕೈಯಲ್ಲಿದೆ. ಕಾಯ್ದೆ ಗೇಣಿದಾರನಿಗೆ ನೆಲ ಕೊಟ್ಟಿತು, ಕೂಲಿಯವನಿಗೆ ಕೊಡಲಿಲ್ಲ. ಗೇಣಿ ಚೀಟಿ ಇಲ್ಲದ, ಬರೀ ದಿನಗೂಲಿಗೆ ನಾಟಿ ಮಾಡಿದ ದಲಿತ ಕುಟುಂಬಗಳು ಡಿಕ್ಲರೇಷನ್ ಕೊಡುವುದಾದರೂ ಯಾವುದರ ಮೇಲೆ? ಅವರಲ್ಲಿ ಎಷ್ಟೋ ಜನ ಬಗರ್ ಹುಕುಂ ಎಂದು ಕಾಡಂಚಿಗೆ ಹೋದರು. ಅಂದು ಕೊಳಗ ಸರಿಮಾಡಿ ಎಂದವರ ಮೊಮ್ಮಕ್ಕಳ ಮುಂದೆ ಇವತ್ತು ಈ ಕೂಲಿಯವರ ಮೊಮ್ಮಕ್ಕಳು ನಿಂತಿದ್ದಾರೆ. ಕೇಳಲು ಕಹಿಯಾದರೆ ಕ್ಷಮಿಸಿ.

ಏನು ಮಾಡಬಹುದು? ದುಡ್ಡೇ ಬೇಕಾಗದ ಒಂದು ದಾನವನ್ನು ಮೊದಲು ಹೇಳುತ್ತೇನೆ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ, ಬುಡಕಟ್ಟಿನವರಲ್ಲದ ಪಾರಂಪರಿಕ ಅರಣ್ಯವಾಸಿಗಳು ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲಿದ್ದೆವು ಎಂದು ತೋರಿಸಬೇಕು. ಕಾಗದ ಇಟ್ಟುಕೊಳ್ಳದ ಮನೆಯವರು ಎಲ್ಲಿಂದ ತಂದಾರು? ಅದಕ್ಕೇ ಕಾಯ್ದೆಯ ನಿಯಮಗಳು ಊರಿನ ಹಿರಿಯರ ಹೇಳಿಕೆಯನ್ನೂ, ಬರೆದುಕೊಂಡದ್ದಾದರೆ, ಸಾಕ್ಷ್ಯ ಎಂದು ಒಪ್ಪುತ್ತವೆ. 'ಇವನ ಅಜ್ಜ ಇಲ್ಲೇ ಗುಡಿಸಲು ಹಾಕಿದ್ದ, ನಾನು ಕಂಡಿದ್ದೇನೆ' ಎಂದು ಬರೆಸಿ ಸಹಿ ಹಾಕಬಲ್ಲ ಎಂಬತ್ತರ ಯಜಮಾನರು ಈ ಸಭೆಯಲ್ಲೇ ಇದ್ದಾರೆ. ದೇವಸ್ಥಾನಕ್ಕೆ ಕಳಶ ಕೊಡಿಸುವ ಶಕ್ತಿ ಎಲ್ಲರಿಗೂ ಇಲ್ಲ, ಈ ಸಹಿ ಹಾಕುವ ಶಕ್ತಿ ಇದೆ. ಬಹಳ ಮಂದಿ ಹಾಕುವುದಿಲ್ಲ. ನಾಳೆ ಕೂಲಿಗೆ ಬರುವವರು ಸಿಗದೆ ಹೋದರೆ ಎಂಬ ಲೆಕ್ಕ ಒಳಗೊಳಗೇ ಇರುತ್ತದೆ.

ನೆಲದ ಹಕ್ಕು ತಡವಾಗಿಯಾದರೂ ಬರುತ್ತದೆ ಎಂಬುದಕ್ಕೆ ತಾಂಡಾಗಳನ್ನು ನೋಡಿ. ಖಾಸಗಿ ನೆಲದಲ್ಲಿದ್ದ ತಾಂಡಾ, ಹಟ್ಟಿ, ಹಾಡಿಗಳ ಮನೆಯಡಿಗೆ ಹಕ್ಕು ಕೊಡುವ ತಿದ್ದುಪಡಿ ಬಂದಾಗ ಕಂದಾಯ ಸಚಿವರಾಗಿದ್ದವರು ಕಾಗೋಡು ತಿಮ್ಮಪ್ಪನವರು. ಕೊಳಗಕ್ಕಾಗಿ ಎದ್ದು ನಿಂತ ಊರಿನವರ ಕೈಯಲ್ಲೇ ಅದು ಆಯಿತು.

ದಾನಿ ಹೇಗಿರಬಹುದು ಎಂಬುದಕ್ಕೆ ನನಗೆ ನೆನಪಾಗುವವರು ಮಂಗಳೂರಿನ ಕುದ್ಮುಲ್ ರಂಗರಾಯರು. ಸಾರಸ್ವತ ಬ್ರಾಹ್ಮಣರು, ವಕೀಲರು. 1892ರಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದರು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು, ನೇಯ್ಗೆ ಮರಗೆಲಸ ಕಲಿಸಿದರು. ಸ್ವಜಾತಿಯವರು ಬಹಿಷ್ಕಾರ ಹಾಕಿದರು. ತಾನು ಓದಿಸಿದ ಸಮುದಾಯದ ಹುಡುಗನೊಬ್ಬ ಕಾರಿನಲ್ಲಿ ಹೋಗುವಾಗ ಏಳುವ ಧೂಳು ತನ್ನ ತಲೆಗೆ ತಾಗಲಿ ಎಂಬ ಅರ್ಥದ ಆಸೆ ಅವರದಾಗಿತ್ತು. ತನಗಿಂತ ಮುಂದೆ ಹೋಗಲಿ ಎಂದು ಬಯಸಿ ಕೊಡುವವರು ಕಡಿಮೆ. ನಾವು ಕೊಡುವುದು ಸಾಮಾನ್ಯವಾಗಿ ಅವರು ನಮ್ಮ ಹಿಂದೆ, ಕೈಮುಗಿದು ಬರುವಷ್ಟು.

ಹೊರಗಿನದೊಂದು ಉದಾಹರಣೆಯನ್ನೂ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ಜೂಲಿಯಸ್ ರೋಸೆನ್‌ವಾಲ್ಡ್ ಎಂಬ ವ್ಯಾಪಾರಿ, ಬುಕರ್ ಟಿ. ವಾಷಿಂಗ್ಟನ್ನರ ಸಲಹೆಯಿಂದ 1912ರ ನಂತರ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಮಕ್ಕಳಿಗಾಗಿ ಐದು ಸಾವಿರದಷ್ಟು ಶಾಲೆ ಕಟ್ಟಲು ನೆರವಾದ. ಊರಿನವರೂ ಪಾಲು ಹಾಕಬೇಕೆಂಬುದು ಷರತ್ತು. ಹತ್ತಿ ಬಿಡಿಸುವ ಕೂಲಿಗಳು ಹಾಕಿದರು, ಶಾಲೆ ನಮ್ಮದು ಎಂಬ ಭಾವ ಬಂತು. ಒಳ್ಳೆಯದೇ. ಆದರೆ ಸರ್ಕಾರಕ್ಕೆ ತೆರಿಗೆ ಕಟ್ಟಿದವರೇ ಶಾಲೆಗೆ ಮತ್ತೊಮ್ಮೆ ದುಡ್ಡು ಹಾಕಬೇಕಾಯಿತು ಎಂಬುದನ್ನೂ ಮರೆಯಬಾರದು. ದಾನ ಬಂತೆಂದು ಸರ್ಕಾರದ ಬಾಕಿ ತೀರುವುದಿಲ್ಲ.

ನಮ್ಮಲ್ಲಿ ಆಗುತ್ತಿರುವುದೇನು? ಪ್ರತಿ ಜಾತಿಗೂ ಒಂದು ಸಮುದಾಯ ಭವನ. ಒಂದೇ ರಸ್ತೆಯಲ್ಲಿ ನಾಲ್ಕು ಭವನ, ವರ್ಷದ ಹತ್ತು ತಿಂಗಳು ಬೀಗ, ಊರ ಹುಡುಗಿಯರ ಹಾಸ್ಟೆಲಿಗೆ ಜಾಗವಿಲ್ಲ. ಮುಖಂಡರಾದವರು ತಮ್ಮ ಜನಕ್ಕೆ ಒಳ್ಳೆಯದು ಮಾಡುವುದಲ್ಲದೆ ತಮ್ಮ ಜನಕ್ಕೆ ಅಹಿತವೆನಿಸುವ ಮಾತನ್ನೂ ಆಡಬೇಕು. 1986ರಲ್ಲಿ ನಮ್ಮದೇ ತಾಲೂಕಿನ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆ ಬೇಡ ಎಂದು ಹೋದ ದಲಿತ ಸಂಘರ್ಷ ಸಮಿತಿಯವರ ಮೇಲೂ ಪೊಲೀಸರ ಮೇಲೂ ಹಲ್ಲೆಯಾಯಿತು. ಆಮೇಲೆ ಸರ್ಕಾರ ಅದನ್ನು ನಿಷೇಧಿಸಿತು. ಅದಕ್ಕೂ ಮೊದಲು ಊರೂರಿನ ಯಜಮಾನರು ಒಂದು ಮಾತು ಆಡಿದ್ದರೆ ಅಷ್ಟು ದೂರ ಹೋಗುತ್ತಿತ್ತೆ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಸಂಘಟಕರಿಗೆ ನನ್ನದು ಎರಡು ಬೇಡಿಕೆ. ಸಂಜೆಯೊಳಗೆ ಪ್ರತಿ ಚಿತ್ತಾರದ, ಪ್ರತಿ ಕವುದಿಯ ಮೇಲೆ ಮಾಡಿದವರ ಹೆಸರೂ ಊರೂ ಬರಲಿ. ಮುಂದಿನ ವರ್ಷದ ಸಮಿತಿಯಲ್ಲಿ ಮಳಿಗೆಯ ಹೆಣ್ಣುಮಕ್ಕಳು, ಮೇದಾರರು, ತಾಂಡಾದವರು ಅರ್ಧದಷ್ಟಾದರೂ ಇರಲಿ, ಮಳಿಗೆಯ ಬಾಡಿಗೆಯನ್ನೂ ಬೆಲೆಯನ್ನೂ ಅವರೇ ತೀರ್ಮಾನಿಸಲಿ. ಕೊಳ್ಳಲು ಬಂದವರಿಗೆ ಒಂದು ಮಾತು: ಪೇಟೆಯ ಶೋರೂಮಿನಲ್ಲಿ ಚೌಕಾಸಿ ಮಾಡದವರು ಇಲ್ಲೂ ಮಾಡಬೇಡಿ.

ಅರಣ್ಯ ಹಕ್ಕಿನ ಹೇಳಿಕೆ ಬರೆದುಕೊಳ್ಳಲು ಕಾಲೇಜಿನ ಇಬ್ಬರು ಹುಡುಗಿಯರು ಬಾಗಿಲ ಪಕ್ಕದ ಮೇಜಿನಲ್ಲಿ ಕಾಗದ ಇಟ್ಟುಕೊಂಡು ಕೂತಿರುತ್ತಾರೆ. ಯಜಮಾನರು ಊಟಕ್ಕೆ ಮೊದಲು ಅಲ್ಲಿಗೆ ಹೋಗಿ ಬನ್ನಿ. ಪ್ರದರ್ಶನ ತೆರೆದಿದೆ.