ಹಕ್ಕಿಗಿಂತ ಮುಂಚೆ ಋಣ
(ನೀಲಗಿರಿಯ ಕಾರ್ಮಿಕ ಅನ್ಯೋನ್ಯ ಕೂಟದಲ್ಲಿ ಉಪದೇಶಿಯವರು ಮಾಡಿದ ಭಾಷಣ)



ಈ ಮಳೆಗಾಲದಲ್ಲಿ ಭಾನುವಾರ ಸಂಜೆಗಳಂದು ನಾವು ಏಳು ಜನ ಕೂಡಿ, ಸಿಮೋನ್ ವೇಲ್ ಅವರ ‘ದಿ ನೀಡ್ ಫಾರ್ ರೂಟ್ಸ್’ ಎಂಬ ತತ್ವಶಾಸ್ತ್ರದ ಪುಸ್ತಕವನ್ನು ಓದಲು ಕುಳಿತೆವು. ಓದಿದೆವು ಎನ್ನುವುದಕ್ಕಿಂತ ಗುದ್ದಾಡಿದೆವು ಎಂದರೆ ಸರಿಯಾದೀತು. ಪುಸ್ತಕ ಇಂಗ್ಲಿಷಿನದು, ನಮ್ಮಲ್ಲಿ ಹೆಚ್ಚು ಓದಿದವರದು ಎಸ್ಸೆಸ್ಸೆಲ್ಸಿ. ಮೊದಲ ಪುಟಕ್ಕೇ ಮೂರು ಭಾನುವಾರ ಹಿಡಿಯಿತು. ಇಬ್ಬರು ಬೇಸತ್ತು ಬಿಟ್ಟರು.

ಉಳಿದ ನಾವು ಬಿಡದಿರಲು ಕಾರಣವಿತ್ತು. 1909ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿದ ಈಕೆ ತತ್ವಶಾಸ್ತ್ರದ ಅಧ್ಯಾಪಕಿ. 1934ರ ಡಿಸೆಂಬರಿನಲ್ಲಿ ಪಾಠ ಹೇಳುವುದನ್ನು ನಿಲ್ಲಿಸಿ ಕಾರ್ಖಾನೆ ಸೇರಿದರು. 1935ರ ಆಗಸ್ಟಿನವರೆಗೆ, ನಡುವೆ ಕೆಲಸ ಕಳೆದುಕೊಂಡೂ, ಯಂತ್ರದ ಮುಂದೆ ದುಡಿದರು. ನಮ್ಮಲ್ಲಿ ಎಲೆಯ ತೂಕ ನೋಡುವಂತೆ ಅಲ್ಲಿ ತುಂಡು ಎಣಿಸುತ್ತಿದ್ದರು. ಪುಸ್ತಕ ಬರೆದದ್ದು 1943ರಲ್ಲಿ, ಲಂಡನ್ನಿನಲ್ಲಿ. ಅದೇ ಆಗಸ್ಟಿನಲ್ಲಿ, 34ನೇ ವಯಸ್ಸಿನಲ್ಲಿ ತೀರಿಕೊಂಡರು. ಅದು ಅಚ್ಚಾದದ್ದು 1949ರಲ್ಲಿ.

ಆರಂಭದಲ್ಲೇ ಆಕೆ ಹೇಳುವುದೇನು? ಹಕ್ಕಿಗಿಂತ ಮುಂಚಿನದು ಕರ್ತವ್ಯ. ಸಂಘದವರಾದ ನಮಗೆ ಸಿಟ್ಟೇ ಬಂತು. ‘ಇದು ಮೇಸ್ತ್ರಿಯ ಮಾತಲ್ಲವೇ? ಮೊದಲು ಕೆಲಸ, ಆಮೇಲೆ ಕೇಳು ಅನ್ನುತ್ತಾನಲ್ಲ!’ ಎಂದು ಎಲೆ ಕೀಳುವ ಅಕ್ಕ ಒಬ್ಬರು ಎದ್ದುನಿಂತರು.

ಮತ್ತೆ ಮೊದಲಿನಿಂದ ಓದಿದೆವು. ಒಬ್ಬನ ಹಕ್ಕು ತಾನಾಗಿ ನಿಲ್ಲದು. ಅವನಿಗೆ ಸಲ್ಲಬೇಕಾದದ್ದುಂಟೆಂದು ಬೇರೆಯವರು ಒಪ್ಪಿದಾಗಲೇ ಅದಕ್ಕೆ ಬಲ. ಹಸಿದವನಿಗೆ ಅನ್ನ ಕೊಡುವುದೇ ಆಕೆ ಕೊಡುವ ಮೊದಲ ಉದಾಹರಣೆ. ಆಗ ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯ ನಮಗೆ ನೆನಪಾಯಿತು. ‘ಕರ್ತವ್ಯ’ ಎಂಬ ಮಾತನ್ನು ಬಿಟ್ಟು ‘ಋಣ’ ಎಂದು ಬರೆದುಕೊಂಡೆವು. ಅರ್ಥ ತಿಳಿಯಾಯಿತು. ನಮ್ಮ ಕೂಲಿ ಮಾಲೀಕನ ದಾನವಲ್ಲ, ಅವನ ಮೇಲಿರುವ ಋಣ.

ಅಷ್ಟಕ್ಕೇ ನಿಂತಿದ್ದರೆ ಸಂತೋಷವಾಗಿ ಮನೆಗೆ ಹೋಗುತ್ತಿದ್ದೆವು. ಆದರೆ ಅದೇ ಅಕ್ಕ, ‘ನಮ್ಮ ಮೇಲೆ ಯಾರ ಋಣ ಇದೆ?’ ಎಂದು ಕೇಳಿದರು. ಯಾರೂ ಮಾತಾಡಲಿಲ್ಲ. ಬೋನಸ್ಸಿಗಾಗಿ ಬರೆದ ಬೇಡಿಕೆ ಪತ್ರ ನಮ್ಮ ಕೈಚೀಲದಲ್ಲೇ ಇತ್ತು. ಜಾರ್ಖಂಡಿನಿಂದ ಬಂದು ಹಳೇ ಲೈನ್ ಮನೆಗಳಲ್ಲಿರುವ ಹಂಗಾಮಿ ಕೆಲಸಗಾರರ ಹೆಸರು ಅದರಲ್ಲಿರಲಿಲ್ಲ. ‘ಅವರು ಚಂದಾ ಕೊಟ್ಟಿಲ್ಲ’ ಎಂದು ಬಿಟ್ಟವರು ನಾವೇ. ಹಸಿದವನು ಸದಸ್ಯನೋ ಅಲ್ಲವೋ ಎಂದು ಕರ್ತನು ಕೇಳಿದನೇ?

ಮರುದಿನ ಪತ್ರವನ್ನು ಹರಿದು ಹೊಸದಾಗಿ ಬರೆದೆವು. ಕೆಲವು ಸದಸ್ಯರು ಇನ್ನೂ ನಮ್ಮ ಮೇಲೆ ಮುನಿದಿದ್ದಾರೆ. ನಮ್ಮ ಪಾಲು ಕಡಿಮೆಯಾದೀತೆಂಬುದು ಅವರ ಭಯ. ಆ ಭಯ ನಮಗೂ ಇಲ್ಲದಿಲ್ಲ.

ಪುಸ್ತಕದಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದಿದೆ, ಓದಿದ್ದರಲ್ಲೂ ಬಹಳಷ್ಟು ತಿಳಿದಿಲ್ಲ. ಬರುವ ಭಾನುವಾರ ಮುಂದುವರಿಸುತ್ತೇವೆ. ನೀವೂ ಬನ್ನಿ, ಬರುವಾಗ ಹಳೇ ಲೈನಿನವರನ್ನೂ ಕರೆತನ್ನಿ.