ತಿಥಿಯ ಸೂತಕ

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

ನಾನು ವಿದ್ವಾಂಸನಲ್ಲ, ನಿವೃತ್ತ ಸರ್ಕಾರಿ ಇಂಜಿನಿಯರ್. ಕೆಲವು ವರ್ಷ ಕಾರವಾರದ ಕಡಲತೀರದಲ್ಲಿ ಉಬ್ಬರವಿಳಿತದ ಪಟ್ಟಿ ಹಿಡಿದು ಕೆಲಸ ಮಾಡಿದವನು. ಇವತ್ತು ನಾನೇ ತಪ್ಪಿ ನಡೆದ ಒಂದು ಸಂಗತಿ ಹೇಳುತ್ತೇನೆ.

ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ವೈದ್ಯರು ಕೊಟ್ಟ ದಿನಾಂಕ ನೋಡಿದರೆ ಅಮಾವಾಸ್ಯೆ. ಮನೆಯಲ್ಲಿ ಎಲ್ಲರ ಮುಖ ಇಳಿಯಿತು. "ಹದಿನೈದು ದಿನ ಮೊದಲು ಹುಣ್ಣಿಮೆ ಇದೆ, ಅಂದೇ ಆಪರೇಷನ್ ಮಾಡಿಸಿಬಿಡು" ಎಂದರು ಹಿರಿಯರು. ಬಸವಣ್ಣನವರ ಹೆಸರು ಹೇಳಿ ಊರೂರಲ್ಲಿ ಮಾತಾಡುವ ನಾನು ಏನು ಮಾಡಿದೆ? ವೈದ್ಯರ ಬಳಿ ಹೋಗಿ, ದನಿ ತಗ್ಗಿಸಿ, "ಆ ದಿನ ಆಗುತ್ತದೆಯೇ?" ಎಂದು ಕೇಳಿದೆ.

ಆ ತಾಯಿ ಸಿಟ್ಟಾಗಲಿಲ್ಲ. "ಆಗ ಇನ್ನೂ 38 ವಾರ. ಕಾರಣವಿಲ್ಲದೆ 39 ವಾರಕ್ಕೆ ಮೊದಲೇ ಆಪರೇಷನ್ ಮಾಡಿ ತೆಗೆದ ಮಕ್ಕಳಲ್ಲಿ ಉಸಿರಾಟದ ತೊಂದರೆ ಹೆಚ್ಚು. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ. ಕಾರಣ ಏನೆಂದು ಬರೆಯಲಿ?" ಎಂದರು. ನನ್ನ ಬಳಿ ಉತ್ತರವಿರಲಿಲ್ಲ.

ಆ ರಾತ್ರಿ ಕಾಗದ, ಪೆನ್ಸಿಲ್ ಹಿಡಿದು ಕೂತೆ. ಹುಣ್ಣಿಮೆಯಿಂದ ಹುಣ್ಣಿಮೆಗೆ ಸುಮಾರು 29.53 ದಿನ. ಹೆರಿಗೆಯ ದಿನವನ್ನು ಎಣಿಸುವುದು ಕೊನೆಯ ಮುಟ್ಟಿನಿಂದ 280 ದಿನ. ಭಾಗಿಸಿದರೆ ಸುಮಾರು ಒಂಬತ್ತೂವರೆ. ಎಣಿಕೆ ಹುಣ್ಣಿಮೆಯ ಹೊತ್ತಿಗೆ ಶುರುವಾದರೆ ಅಮಾವಾಸ್ಯೆಯ ಹತ್ತಿರವೇ ಬಂದು ನಿಲ್ಲುತ್ತದೆ. ಇದರಲ್ಲಿ ಭಾಗಾಕಾರ ಬಿಟ್ಟರೆ ಬೇರೇನೂ ಇಲ್ಲ. ಅದೂ ಅಂದಾಜು, ಹೇಳಿದ ದಿನವೇ ಹುಟ್ಟುವ ಮಕ್ಕಳು ಇಪ್ಪತ್ತರಲ್ಲಿ ಒಂದರಷ್ಟು.

"ಕಡಲನ್ನೇ ಎಳೆಯುವ ಚಂದ್ರ ಗರ್ಭವನ್ನು ಬಿಟ್ಟಾನೆಯೇ?" ಎಂದು ಕೇಳುವವರಿದ್ದಾರೆ. ಭೂಮಿಯ ಒಂದು ಬದಿಗೂ ಇನ್ನೊಂದು ಬದಿಗೂ ಚಂದ್ರನ ಎಳೆತದಲ್ಲಿ ವ್ಯತ್ಯಾಸವಿರುವುದರಿಂದ ಉಬ್ಬರ ಏಳುತ್ತದೆ. ಭೂಮಿಯ ಅಡ್ಡಳತೆ ಸುಮಾರು 12,700 ಕಿ.ಮೀ. ಗೇಣುದ್ದದ ಗರ್ಭದಲ್ಲಿ ಆ ವ್ಯತ್ಯಾಸ ಲೆಕ್ಕಕ್ಕೇ ಸಿಗದು. ಅಲ್ಲದೆ ನನ್ನ ಪಟ್ಟಿಯಲ್ಲಿ ದೊಡ್ಡ ಉಬ್ಬರ ಹುಣ್ಣಿಮೆಯ ಆಸುಪಾಸಿನಲ್ಲೂ ಬರುತ್ತಿತ್ತು, ಅಮಾವಾಸ್ಯೆಯ ಆಸುಪಾಸಿನಲ್ಲೂ ಬರುತ್ತಿತ್ತು. ಕಡಲಿಗೆ ಶುಭ ಅಶುಭ ಗೊತ್ತಿರಲಿಲ್ಲ. ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ 1997ರಿಂದ 2001ರವರೆಗಿನ 5,64,039 ಹೆರಿಗೆಗಳನ್ನು ಚಂದ್ರನ ಕಲೆಗಳೊಂದಿಗೆ ಹೋಲಿಸಿ ನೋಡಿದ್ದಾರೆ. ಹೆರಿಗೆಗಳ ಸಂಖ್ಯೆಯಲ್ಲಾಗಲಿ ತೊಡಕುಗಳಲ್ಲಾಗಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಶರಣರು ಪಂಚಸೂತಕಗಳನ್ನು ಅಲ್ಲಗಳೆದರು. ಅವುಗಳಲ್ಲಿ ಜನನ ಸೂತಕವೂ ಒಂದು. ಹುಟ್ಟಿಗೇ ಮೈಲಿಗೆ ಇಲ್ಲವೆಂದ ಮೇಲೆ ಹುಟ್ಟುವ ತಿಥಿಗೆ ಮೈಲಿಗೆ ಎಲ್ಲಿಂದ ಬಂತು? ನಾವೇ ಅದನ್ನು ಹಿಂಬಾಗಿಲಿನಿಂದ ಒಳಗೆ ಕರೆದುಕೊಂಡೆವು.

ಬೆಳಗ್ಗೆ ಮಗಳ ಮುಂದೆ ಎಲ್ಲವನ್ನೂ ಹೇಳಿಕೊಂಡೆ. ಅವಳು, "ಅಪ್ಪಾ, ನನ್ನನ್ನು ಯಾರೂ ಕೇಳಲೇ ಇಲ್ಲವಲ್ಲ" ಎಂದಳು. ಆ ಮಾತು ಇನ್ನೂ ನನ್ನನ್ನು ಚುಚ್ಚುತ್ತದೆ.

ಹುಣ್ಣಿಮೆ ಕಳೆಯಿತು, ಕಾದೆವು. ಅಮಾವಾಸ್ಯೆಯ ರಾತ್ರಿಯೇ ಸಹಜ ಹೆರಿಗೆಯಾಗಿ ಹೆಣ್ಣುಮಗು ಹುಟ್ಟಿತು. ಹುಣ್ಣಿಮೆಗೆ ಹಟ ಹಿಡಿದಿದ್ದ ನಮ್ಮ ಅಕ್ಕನೇ ಮೊದಲು ಎತ್ತಿಕೊಂಡಳು. ಲಿಂಗಧಾರಣೆಗೆ ಯಾರೂ ಪಂಚಾಂಗ ತೆಗೆಯಲಿಲ್ಲ. ಮಗು ಚೆನ್ನಾಗಿದ್ದದ್ದು ಅಮಾವಾಸ್ಯೆಯಿಂದಲ್ಲ; ದಿನ ತುಂಬಿ ಹುಟ್ಟಿತು, ನೋಡಿಕೊಳ್ಳಲು ಒಳ್ಳೆಯ ವೈದ್ಯರಿದ್ದರು.

ನಿಮ್ಮ ಮನೆಯಲ್ಲಿ ಬಸುರಿಯಿದ್ದರೆ ಎಷ್ಟು ವಾರವಾಯಿತೆಂದು ವೈದ್ಯರನ್ನು ಕೇಳಿ, ತಿಥಿಯ ಮಾತು ಬಿಡಿ. ಎಲ್ಲಕ್ಕಿಂತ ಮೊದಲು ಅವಳನ್ನು ಕೇಳಿ.